ಗೋಡೆಯವನೂ ಬಾಗಿಲವನೂ

ನನ್ನ ಷಡ್ಡಕ ಕೆತ್ತುತ್ತಿದ್ದ ಬಾಗಿಲನ್ನು ನೋಡಲು ವಿದ್ಯಾರ್ಥಿಗಳು ಗುಂಪುಗಟ್ಟಿ ನಿಲ್ಲುತ್ತಿದ್ದರಲ್ಲ, ಆಗ ನಾನು ಎಲ್ಲಿರುತ್ತಿದ್ದೆ ಗೊತ್ತೇ? ಅವರ ಬೆನ್ನ ಹಿಂದೆಯೇ, ಸಾರುವೆಯ ಮೇಲೆ, ಕರಣೆ ಹಿಡಿದುಕೊಂಡು. ಒಂದು ಇಡೀ ಚಾಪೆಲ್ ಕಣ್ಣೆದುರು ಎದ್ದು ನಿಲ್ಲುತ್ತಿದೆ, ಇವರು ಅದಕ್ಕೆ ಬೆನ್ನು ಹಾಕಿ ತಗಡಿನ ಶೆಡ್ಡಿನೊಳಗಿನ ಎರಡು ಹಲಗೆ ನೋಡುತ್ತಿದ್ದಾರೆ. ಅಬ್ಬಾ ಅನ್ನುತ್ತಾರೆ, ಫೋಟೋ ತೆಗೆಯುತ್ತಾರೆ. ಒಬ್ಬ ಹುಡುಗಿಯಂತೂ ನಾನು ಆಗಷ್ಟೇ ಸಂದು ತುಂಬಿದ್ದ ಗೋಡೆಗೆ ಆರಾಮಾಗಿ ಒರಗಿಕೊಂಡು ಅವನ ಬಾಗಿಲಿನ ಫೋಟೋ ತೆಗೆದಳು. ಹಸಿ ಗಾರೆಯಲ್ಲಿ ಅವಳ ಚೀಲದ ಪಟ್ಟಿಯ ಗುರುತು ಇಳಿಯಿತು. ನಾನು ಇಳಿದು ಬಂದು ಅದನ್ನು ಕೆರೆದು ಮತ್ತೆ ತುಂಬಿದೆ. ಹೊಟ್ಟೆ ಉರಿದುಹೋಯಿತು.

ಹೊಟ್ಟೆ ಉರಿಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ನನ್ನ ಜಾಗದಲ್ಲಿ ನೀವಿದ್ದರೂ ಉರಿಯುತ್ತಿತ್ತು.

ನಾನು ಗಾರೆಯವನು. ಅವನು ಮರಗೆಲಸದವನು, ನನ್ನ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಮನೆಗೆ ಅಳಿಯನಾಗಿ ಬಂದದ್ದೂ ನನ್ನ ನಂತರವೇ. ಆದರೂ ನಮ್ಮತ್ತೆಯ ಬಾಯಲ್ಲಿ ‘ಅಳಿಯ’ ಎಂದರೆ ಅವನೊಬ್ಬನೇ. ನಾನು ‘ದೊಡ್ಡವಳ ಗಂಡ’.

ಈ ವಿಶ್ವವಿದ್ಯಾಲಯದಲ್ಲಿ ನಾನು ಕೆಲಸ ಹಿಡಿದಾಗ ಈಗಿನ ಪ್ರೊಫೆಸರುಗಳಲ್ಲಿ ಅರ್ಧ ಜನ ಇಲ್ಲೇ ಓದುತ್ತಿದ್ದರು. ಪಾದ್ರಿಗಳು ನಡೆಸುವ ಸಂಸ್ಥೆ. ಹಾಸ್ಟೆಲಿನ ಹೊಸ ಭಾಗ ನಾನು ಕಟ್ಟಿದ್ದು, ಲ್ಯಾಬು ನಾನು ಕಟ್ಟಿದ್ದು, ಹೊರಗಿನ ಉದ್ದಾನುದ್ದ ಕಾಂಪೌಂಡು ನನ್ನದೇ. ಎಷ್ಟು ಶೌಚಾಲಯ ಕಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಒಂದು ಗೋಡೆ ಮುಗಿದ ಕೂಡಲೇ ಬಣ್ಣದವರು ಬಂದು ಅದನ್ನು ಮುಚ್ಚಿಬಿಡುತ್ತಾರೆ, ಆಮೇಲೆ ಯಾರೋ ಅದರ ಮೇಲೆ ಪೋಸ್ಟರ್ ಅಂಟಿಸುತ್ತಾರೆ. ‘ಇದನ್ನು ಯಾರು ಕಟ್ಟಿದ್ದು?’ ಎಂದು ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಕೇಳಲಿಲ್ಲ. ಗೋಡೆ ಬಿರುಕು ಬಿಟ್ಟಾಗ ಮಾತ್ರ ಕೇಳುತ್ತಾರೆ.

ಹಳೆಯ ಚಾಪೆಲ್ ಕ್ಯಾಂಟೀನಿನ ಮೇಲಿನ ಮಹಡಿಯಲ್ಲಿತ್ತು. ಒಂದೇ ಉದ್ದನೆಯ ಕೋಣೆ. ಭಾನುವಾರ ಪೂಜೆ ನಡೆಯುತ್ತಿರುವಾಗ ಕೆಳಗಿನಿಂದ ಒಗ್ಗರಣೆಯ ಘಾಟು ಬಂದು, ಫಾದರ್ ಕೆಮ್ಮಿ, ಎದುರಿಗಿದ್ದವರೂ ಕೆಮ್ಮಿ, ಅರ್ಧ ಪ್ರಾರ್ಥನೆ ಕೆಮ್ಮಿನಲ್ಲೇ ಮುಗಿಯುತ್ತಿತ್ತು. ಲೈಬ್ರರಿಯ ಪಕ್ಕದ ಖಾಲಿ ಜಾಗದಲ್ಲಿ ಹೊಸದು ಕಟ್ಟುವುದೆಂದು ತೀರ್ಮಾನವಾದಾಗ ನನ್ನ ಸಂತೋಷಕ್ಕೆ ಮಿತಿಯೇ ಇರಲಿಲ್ಲ. ಯಾಕೆಂದರೆ ನಕ್ಷೆ ಮಾಡಿದವರು ಹೇಳಿದರು: ಒಳಗೂ ಹೊರಗೂ ಇಟ್ಟಿಗೆ ಹಾಗೇ ಕಾಣಬೇಕು. ಗಿಲಾವು ಇಲ್ಲ, ಬಣ್ಣ ಇಲ್ಲ. ಇಟ್ಟಿಗೆ ಕೆಲಸ ಬಲ್ಲವನು ಕಾಯುವುದೇ ಇಂಥ ಗೋಡೆಗೆ. ಕೊನೆಗೂ ನನ್ನ ಕೈಕೆಲಸವನ್ನು ಯಾರೂ ಮುಚ್ಚುವಂತಿರಲಿಲ್ಲ.

ಕೆಲಸ ಮುಕ್ಕಾಲು ಮುಗಿದಾಗ ಒಂದು ಮಧ್ಯಾಹ್ನ ಚಾಪೆಲಿನ ಉಸ್ತುವಾರಿ ಫಾದರ್ ನಮ್ಮನ್ನೆಲ್ಲ ಊಟದ ಹೊತ್ತಿನಲ್ಲಿ ಸೇರಿಸಿದರು. ಪ್ರತಿಷ್ಠಾಪನೆಯ ದಿನ ಬಾಗಿಲು ಮುಚ್ಚಿರುತ್ತದಂತೆ. ಬಿಷಪ್ಪರು ಬಂದು ಹೊರಗೆ ನಿಲ್ಲುತ್ತಾರಂತೆ. ಕಟ್ಟಿದವರ ಪರವಾಗಿ ಒಬ್ಬರು ಬೀಗದ ಕೈಯನ್ನು ಅವರ ಕೈಗೆ ಕೊಟ್ಟ ಮೇಲೇ ಬಾಗಿಲು ತೆಗೆಯುವುದಂತೆ.

"ಎಂಜಿನಿಯರ್ ಅಲ್ಲ, ದಾನ ಕೊಟ್ಟವರೂ ಅಲ್ಲ. ಕೈಯಾರೆ ಕಟ್ಟಿದವರಲ್ಲಿ ಒಬ್ಬರು. ಯಾರು ಅಂತ ನೀವೇ ಮಾತಾಡಿಕೊಂಡು ಹೇಳಿ" ಎಂದರು ಫಾದರ್.

ನನಗೆ ಆ ಬೀಗದ ಕೈ ಬೇಕಿತ್ತು. ಬಿಷಪ್ಪರ ಎದುರು, ನನ್ನ ಹೆಂಡತಿ ಮಕ್ಕಳ ಎದುರು, ಮುಖ್ಯವಾಗಿ ನಮ್ಮತ್ತೆಯ ಎದುರು, ಇದನ್ನು ಕಟ್ಟಿದವನು ನಾನು ಎಂದು ಒಂದೇ ಒಂದು ಸಲ ನಿಲ್ಲಬೇಕಿತ್ತು. ಅಷ್ಟು ಸಿಕ್ಕಿದ್ದರೆ ಮತ್ತೆ ಶೌಚಾಲಯ ಕಟ್ಟಲು ಹೋಗುವುದಕ್ಕೂ ನನ್ನದೇನೂ ತಕರಾರಿರಲಿಲ್ಲ.

ಗಾರೆ ಕಲಸುವ ಹೆಂಗಸೊಬ್ಬಳಿದ್ದಾಳೆ. ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ತಲುಪಿಸುತ್ತಾಳಾದ್ದರಿಂದ ನಾವು ಅವಳನ್ನು ರೇಡಿಯೋ ಅಕ್ಕ ಎನ್ನುತ್ತೇವೆ. ಅವಳು ಕೈ ತೊಳೆಯುತ್ತ ನನ್ನ ಪಕ್ಕಕ್ಕೆ ಬಂದಳು.

"ಮೇಸ್ತ್ರಿ, ನೀವೇ ಅಂತ ಎಲ್ಲರೂ ಅನ್ಕೊಂಡಿದ್ದಾರೆ. ಆದ್ರೆ ಕೆಲವರು ಬೇರೆ ಥರಾನೂ ಅಂತಿದ್ದಾರಪ್ಪ."

"ಏನಂತ?"

"ಬೀಗ ಇರೋದು ಬಾಗಿಲಲ್ಲಿ ಅಲ್ವಾ, ಬಾಗಿಲು ಮಾಡಿದವನೇ ಕೊಡಲಿ ಅಂತ."

ನೋಡಿದಿರಾ! ಗೋಡೆಯಿಲ್ಲದೆ ಬಾಗಿಲನ್ನು ಆಕಾಶಕ್ಕೆ ನೇತುಹಾಕುತ್ತಾರೆಯೇ?

ಹಾಗೆಂದು ನಾನು ಹೋಗಿ ಷಡ್ಡಕನ ಹತ್ತಿರ ಜಗಳ ಆಡುವಂತೆಯೂ ಇರಲಿಲ್ಲ. ಯಾಕೆಂದರೆ ನಮಗಿಬ್ಬರಿಗೂ ಮಾತು ಬಿಟ್ಟಿತ್ತು. ಕಾರಣ ನಮ್ಮ ಮನೆಯ ಅಡುಗೆಮನೆ ಕಪಾಟು. ಅದನ್ನು ಮದುವೆಯಾದ ಹೊಸದರಲ್ಲಿ ನಾನೇ ಮಾಡಿದ್ದೆ. ಅದರ ಬಾಗಿಲು ಮುಚ್ಚಬೇಕಾದರೆ ಸ್ವಲ್ಪ ಮೇಲಕ್ಕೆತ್ತಿ ಮೊಣಕಾಲಿನಿಂದ ಒತ್ತಬೇಕಿತ್ತು, ಅಷ್ಟೇ. ನನ್ನ ಹೆಂಡತಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಒಂದು ದಿನ ನಾನಿಲ್ಲದಾಗ ಈ ಮಹರಾಯ ಬಂದವನು, ಯಾರನ್ನೂ ಕೇಳದೆ, ಅದನ್ನು ಬಿಚ್ಚಿ ಕೀಸಿ ಜೋಡಿಸಿ ಹೋಗಿದ್ದಾನೆ. ನಾನು ಮನೆಗೆ ಬಂದರೆ ಹೆಂಡತಿ ಒಂದೇ ಬೆರಳಿನಲ್ಲಿ ಬಾಗಿಲು ಹಾಕುತ್ತಾಳೆ, ತೆಗೆಯುತ್ತಾಳೆ, ಮತ್ತೆ ಹಾಕುತ್ತಾಳೆ. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ಪಕ್ಕದಲ್ಲಿ ಕೂತಿದ್ದ ಅತ್ತೆ, "ಕಪಾಟು ಅಂದ್ರೆ ಇದಪ್ಪ" ಎಂದರು.

ಅವತ್ತಿನಿಂದ ಮಾತು ಬಂದ್. ಅವನಿಗೂ ಪೊಗರು ಕಡಿಮೆಯೇನಲ್ಲ. ನಾನು ಮಾತಾಡಿಸಲಿಲ್ಲವೆಂದು ಅವನೂ ಬಿಟ್ಟ. ಒಂದೇ ಸೈಟಿನಲ್ಲಿ ಕೆಲಸ, ಒಂದೇ ನಲ್ಲಿಯಲ್ಲಿ ಕೈ ತೊಳೆಯುವುದು, ಆದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಏನಾದರೂ ಕೇಳಬೇಕಿದ್ದರೆ ಅವನು ತನ್ನ ಹೆಂಡತಿಗೆ ಹೇಳುತ್ತಿದ್ದ, ಅವಳು ನನ್ನ ಹೆಂಡತಿಗೆ ಫೋನ್ ಮಾಡುತ್ತಿದ್ದಳು, ನನ್ನ ಹೆಂಡತಿ ನನ್ನನ್ನು ಕೇಳುತ್ತಿದ್ದಳು. ಉತ್ತರ ಹೋಗುವುದೂ ಅದೇ ದಾರಿಯಲ್ಲಿ. ಬಾಗಿಲ ಅಳತೆ ಹೋದದ್ದೂ ಹಾಗೆಯೇ. ನಾನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಹೆಂಡತಿ ಬಚ್ಚಲ ಬಾಗಿಲು ಬಡಿದು ಕೇಳಿದಳು, ನಾನು ಒಳಗಿನಿಂದಲೇ ಕೂಗಿದೆ. ಸರಿಯಾದ ಅಳತೆಯನ್ನೇ ಕೊಟ್ಟೆ, ಅದರಲ್ಲಿ ಅನುಮಾನ ಬೇಡ. ಆಗ ಗೋಡೆಯಲ್ಲಿ ಬಿಟ್ಟಿದ್ದ ಜಾಗ ಅಷ್ಟೇ ಇತ್ತು.

ಆಮೇಲೆ ಶುರುವಾಯಿತು ನೋಡಿ ಅವನ ಕೆತ್ತನೆ. ಎರಡು ಕದಗಳು. ಎರಡರ ಹೊರ ಅಂಚಿನಲ್ಲೂ ಬುಡದಿಂದ ತುದಿಯವರೆಗೆ ಒಂದೊಂದು ದ್ರಾಕ್ಷಿಬಳ್ಳಿಯ ಕಾಂಡ. ಅಲ್ಲಿಂದ ಕವಲೊಡೆದು ಎಲೆ, ಕುಡಿ, ಗೊಂಚಲು ಎಲ್ಲ ನಡುವಿನತ್ತ ಹಬ್ಬಿಕೊಂಡಿವೆ. ಯಾರೂ ಇಲ್ಲದ ಹೊತ್ತಿನಲ್ಲಿ ನಾನೂ ಒಮ್ಮೆ ಶೆಡ್ಡಿನೊಳಗೆ ಇಣುಕಿದೆ. ಕಾಂಡದ ಮೇಲೆ ಒಣಗಿದ ಸಿಪ್ಪೆ ಎದ್ದಿರುವುದನ್ನೂ ಕೆತ್ತಿದ್ದ, ಪಾಪಿ. ಮುಟ್ಟಿದರೆ ಕೈಗೆ ಕಿತ್ತು ಬರುತ್ತದೇನೋ ಅನ್ನಿಸುವಂತಿತ್ತು. ಚೆನ್ನಾಗಿಲ್ಲ ಎಂದು ಹೇಳಲು ಒಂದು ಜಾಗವನ್ನೂ ಬಿಟ್ಟಿರಲಿಲ್ಲ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಹೀಗೇ ಬಿಟ್ಟರೆ ಜನ ಚಾಪೆಲಿಗೆ ಬಂದು ಬಾಗಿಲು ನೋಡಿಕೊಂಡೇ ವಾಪಸ್ ಹೋಗುತ್ತಾರೆ. ಆದ್ದರಿಂದ ನಾನೂ ಒಂದು ಕೆಲಸ ಮಾಡಿದೆ. ಬಾಗಿಲು ಕೂರುವ ಜಾಗದ ಎರಡೂ ಪಕ್ಕಕ್ಕೆ, ಕೆಳಗಿನಿಂದ ಮೇಲಿನವರೆಗೆ, ದುಂಡು ಇಟ್ಟಿಗೆಯ ಒಂದು ಅಂಚು ಕಟ್ಟುತ್ತೇನೆಂದು ಫಾದರ್ ಹತ್ತಿರ ಹೋಗಿ ಹೇಳಿದೆ. ಅವರು ಖುಷಿಯಾಗಿ ಒಪ್ಪಿದರು. ಒಂದೊಂದು ಇಟ್ಟಿಗೆಯ ಮೂಲೆಯನ್ನೂ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ದುಂಡಗೆ ಮಾಡಿದೆ. ಬೆರಳಿನ ಚರ್ಮ ಸವೆದು ಅನ್ನ ಕಲಸಿದರೆ ಉರಿಯುತ್ತಿತ್ತು. ಆದರೆ ಆ ಅಂಚು ಮುಗಿದಾಗ ಬಾಗಿಲಿಲ್ಲದ ಆ ಜಾಗವೇ ಎಷ್ಟು ಚಂದ ಕಂಡಿತೆಂದರೆ ನಾನೇ ನಾಲ್ಕು ಸಲ ದೂರ ಹೋಗಿ ನಿಂತು ನೋಡಿದೆ.

ಆ ಅಂಚು ಕಟ್ಟಿದ್ದರಿಂದ ಬಾಗಿಲ ಜಾಗ ಎರಡೂ ಕಡೆ ಅಂಗೈ ಅಗಲದಷ್ಟು ಕಿರಿದಾಗಿತ್ತು. ಅದನ್ನು ಅವನಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಾನೇಕೆ ಹೇಳಲಿ? ಎಂಜಿನಿಯರ್ ಎಂದು ಒಬ್ಬರಿದ್ದಾರೆ, ಇಂಥದ್ದಕ್ಕೇ ಅವರಿಗೆ ಸಂಬಳ ಕೊಡುವುದು. ಅವರು ಹೇಳುತ್ತಾರೆ ಎಂದುಕೊಂಡೆ. ಅಥವಾ ಅವನೇ ಒಂದು ಸಲ ಬಂದು ನೋಡಲಿ, ನನ್ನ ಕೆಲಸವನ್ನು ಕಣ್ಣೆತ್ತಿ ನೋಡಿದರೆ ಅವನ ಗಂಟೇನು ಹೋಗುತ್ತದೆ? ಅವನು ಬರಲಿಲ್ಲ.

ಬಿಷಪ್ಪರು ಬರುವುದಕ್ಕೆ ಇನ್ನೇನು ಎರಡು ದಿನ ಇದೆ ಎನ್ನುವಾಗ ಕದಗಳನ್ನು ಹೊತ್ತು ತಂದರು. ಎಂಟು ಜನ ಹಿಡಿದಿದ್ದರು. ಕ್ಲಾಸುಗಳೆಲ್ಲ ಖಾಲಿಯಾಗಿ ಮಕ್ಕಳು ಸುತ್ತ ನಿಂತಿದ್ದರು. ಷಡ್ಡಕ ಮುಂದೆ ಮುಂದೆ ನಡೆದು, ‘ನಿಧಾನ, ನಿಧಾನ’ ಎನ್ನುತ್ತ ಬಂದ. ಮೊದಲ ಕದವನ್ನು ಕೀಲಿನ ಹತ್ತಿರ ತಂದು ನಿಲ್ಲಿಸಿದರು. ಎರಡನೆಯದನ್ನು ತಂದರು. ನಡುವೆ ಎರಡೂ ಸೇರಬೇಕಾದಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿ ಕೂತಿತು.

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಷಡ್ಡಕ ನಗಲಿಲ್ಲ. ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಜೇಬಿನಿಂದ ಟೇಪು ತೆಗೆದು ಕದ ಅಳೆದ, ಜಾಗ ಅಳೆದ. ಆಮೇಲೆ ನನ್ನ ಇಟ್ಟಿಗೆಯ ಅಂಚನ್ನು ಮೊದಲ ಸಲ ನೋಡಿದ. ಬೆರಳಿನಿಂದ ಮೇಲಿಂದ ಕೆಳಗೆ ಸವರಿ ನೋಡಿದ.

ಎಂಜಿನಿಯರ್ ತಲೆ ಮೇಲೆ ಕೈ ಹೊತ್ತುಕೊಂಡರು. "ಅಲ್ರಪ್ಪಾ, ನೀವಿಬ್ಬರೂ ಒಂದೇ ಮನೆಯವರಲ್ವಾ! ಮಾತಾಡ್ಕೊಂಡಿರ್ತೀರಿ ಅಂತ ನಾನು ಸುಮ್ಮನಿದ್ದೆ. ಹೊರಗಿನವರಾಗಿದ್ರೆ ಹತ್ತು ಸಲ ಹೇಳ್ತಿದ್ದೆ."

ಫಾದರ್ ಬಂದರು. ಉಳಿದಿದ್ದದ್ದು ಎರಡೇ ದಾರಿ. ನನ್ನ ಇಟ್ಟಿಗೆಯ ಅಂಚನ್ನು ಒಡೆದು ತೆಗೆಯಬೇಕು, ಇಲ್ಲವೇ ಅವನ ಕದಗಳ ಹೊರ ಅಂಚನ್ನು ಕೊಯ್ಯಬೇಕು. ಬಳ್ಳಿಯ ಕಾಂಡ ಇದ್ದದ್ದು ಸರಿಯಾಗಿ ಅಲ್ಲೇ. ಫಾದರ್ ನಮ್ಮಿಬ್ಬರ ಮುಖವನ್ನೂ ನೋಡಿದರು.

"ಯಾವುದನ್ನು ಕೆಡಿಸು ಅಂತ ನಾನು ಹೇಳಲಾರೆ. ನನಗೆ ಎರಡೂ ಕಣ್ಣಿದ್ದ ಹಾಗೆ. ನಾಳೆ ಬೆಳಿಗ್ಗೆಯೊಳಗೆ ನೀವಿಬ್ಬರೇ ಕೂತು ತೀರ್ಮಾನ ಮಾಡಿ" ಎಂದು ಹೋಗಿಬಿಟ್ಟರು.

ನಾವು ಕೂತು ತೀರ್ಮಾನ ಮಾಡುವುದು! ನಾನು ಸೈಕಲ್ ಹತ್ತಿ ಮನೆಗೆ ಬಂದೆ. ಸುದ್ದಿ ನನಗಿಂತ ಮೊದಲೇ ಬಂದು ಮನೆಯಲ್ಲಿ ಕೂತಿತ್ತು. ಹೆಂಡತಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಲ್ಲ ರೀ, ಜಾಗ ಚಿಕ್ಕದಾಯ್ತು ಅಂತ ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನು ಅವಳಿಗೆ ಹೇಳ್ತಿರಲಿಲ್ವಾ?"

"ಅವನಿಗೆ ಕಾಲಿಲ್ವಾ? ಬಂದು ನೋಡಬೇಕಿತ್ತು."

"ನಾಳೆ ಹೋಗಿ ಆ ಇಟ್ಟಿಗೆ ತೆಗೆದುಬಿಡಿ. ಇಟ್ಟಿಗೆಗೇನು, ಮತ್ತೆ ಕಟ್ಟಬಹುದು."

"ಯಾಕೆ, ಮರಕ್ಕೆ ಬರ ಬಂದಿದೆಯಾ? ಮತ್ತೆ ಕೆತ್ತಲಿ!"

"ಎಷ್ಟು ತಿಂಗಳು ಕೆತ್ತಿದ್ದಾನೆ ಗೊತ್ತಾ ಅವನು?"

"ನಾನು ಎಷ್ಟು ತಿಂಗಳು ಕಟ್ಟಿದೆ ಅಂತ ನಿನಗೆ ಗೊತ್ತಾ?"

ಅವಳಿಗೆ ಗೊತ್ತಿರಲಿಲ್ಲ. ಅವನದು ಗೊತ್ತಿತ್ತು, ನನ್ನದು ಗೊತ್ತಿರಲಿಲ್ಲ. ಅಷ್ಟು ಸಾಕಾಯಿತು ನನಗೆ. ಏನಾದರಾಗಲಿ, ಒಂದು ಇಟ್ಟಿಗೆಯನ್ನೂ ಅಲುಗಿಸಲು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಮಲಗಿದೆ. ಅದೂ ಅಲ್ಲದೆ, ಅಂಚು ಒಡೆದರೆ ತಪ್ಪು ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡಂತೆ. ಬೀಗದ ಕೈ ಆಮೇಲೆ ಯಾರಿಗೆ ಹೋಗುತ್ತದೆಂದು ರೇಡಿಯೋ ಅಕ್ಕನನ್ನು ಕೇಳಬೇಕಾಗಿಯೇ ಇರಲಿಲ್ಲ.

ಬೆಳಿಗ್ಗೆ ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ನೀನು ಬಂದು ಅಳೆಯಬೇಕಿತ್ತು. ಫಾದರ್ ಒಪ್ಪಿಗೆ ಕೊಟ್ಟ ಕೆಲಸ ಇದು. ಗೋಡೆ ಮೊದಲು, ಬಾಗಿಲು ಆಮೇಲೆ. ಅವನು ಏನಂದರೆ ನಾನು ಏನನ್ನಬೇಕು ಎಂದು ಎಲ್ಲ ಸಿದ್ಧ ಮಾಡಿಕೊಂಡಿದ್ದೆ. ಗೇಟಿನೊಳಗೆ ಕಾಲಿಡುವಾಗಲೇ ಗರಗಸದ ಸದ್ದು ಕೇಳಿತು.

ಒಂದು ಕದವನ್ನು ಅಡ್ಡಡ್ಡ ಮಲಗಿಸಿಕೊಂಡು ಷಡ್ಡಕ ಕೊಯ್ಯುತ್ತಿದ್ದ. ಕೆಲಸದವರೆಲ್ಲ ಸುತ್ತ ನಿಂತಿದ್ದರು. ಬಳ್ಳಿಯ ಅರ್ಧ ಕಾಂಡ ಆಗಲೇ ಹೊಟ್ಟಿನ ರಾಶಿಯಲ್ಲಿ ಬಿದ್ದಿತ್ತು. ಅವನ ಹೆಂಡತಿ, ಅಂದರೆ ನನ್ನ ನಾದಿನಿ, ಕದದ ಇನ್ನೊಂದು ತುದಿಯನ್ನು ಹಿಡಿದುಕೊಂಡಿದ್ದಳು. ಅವಳು ಅಳುತ್ತಿದ್ದಳು. ಅವನು ಅಳುತ್ತಿರಲಿಲ್ಲ, ಸುಮ್ಮನೆ ಕೊಯ್ಯುತ್ತಿದ್ದ.

ನನ್ನನ್ನು ನೋಡಿ ಗರಗಸ ನಿಲ್ಲಿಸಿದ. ಅಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಹತ್ತಿರ ಬಾಯಿ ಬಿಟ್ಟ.

"ಬನ್ನಿ ಅಣ್ಣ. ಎಡಗಡೆದು ಸ್ವಲ್ಪ ಹೆಚ್ಚುಕಮ್ಮಿ ಇದೆ ಅನ್ಸುತ್ತೆ. ಟೇಪು ಹಿಡೀತೀರಾ?"

ಬಾಯಿಪಾಠ ಮಾಡಿದ್ದನ್ನೆಲ್ಲ ಅಲ್ಲೇ ಬಿಟ್ಟೆ. ಹೋಗಿ ಟೇಪಿನ ತುದಿ ಹಿಡಿದೆ. ಅವನು ಅಳೆದ, ಪೆನ್ಸಿಲಿನಿಂದ ಗೆರೆ ಎಳೆದ, ನನಗೆ ತೋರಿಸಿ "ಸರಿನಾ?" ಎಂದ. "ಸರಿ" ಎಂದೆ. ಮತ್ತೆ ಗರಗಸ ಹಿಡಿದ.

ಫಾದರ್ ಬಂದವರು ನೋಡಿ ಹಾಗೇ ನಿಂತುಬಿಟ್ಟರು. "ಯಾಕಪ್ಪಾ, ಇಷ್ಟು ಬೇಗ?"

"ತಪ್ಪು ನನ್ನದೇ ಫಾದರ್. ಕೀಲು ಹಾಕೋಕೆ ಮುಂಚೆ ಬಂದು ಒಂದು ಸಲ ಅಳೀಬೇಕಿತ್ತು. ಅದು ಮರಗೆಲಸದವನ ಜವಾಬ್ದಾರಿ. ನಾನು ಬರಲಿಲ್ಲ."

ಹೇಗಿದೆ ನೋಡಿ! ಮಾಡಿದವನು ನಾನು, ತಪ್ಪು ಅವನದಂತೆ. ಕಪಾಟು ಕಿತ್ತುಕೊಂಡ, ಅತ್ತೆಯನ್ನು ಕಿತ್ತುಕೊಂಡ, ವಿದ್ಯಾರ್ಥಿಗಳನ್ನು ಕಿತ್ತುಕೊಂಡ. ನನ್ನದೆಂದು ಒಂದು ತಪ್ಪು ಇತ್ತು, ಅದನ್ನೂ ಕಿತ್ತುಕೊಂಡುಬಿಟ್ಟ. ರೇಡಿಯೋ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಂಥಾ ಮನಸ್ಸಪ್ಪಾ ಅವನದು" ಎಂದಳು. ಎಲ್ಲರೂ ತಲೆಯಾಡಿಸಿದರು. ನನ್ನ ಅಂಚು ಉಳಿಯಿತಲ್ಲ ಎಂದು ನನ್ನ ಮುಖ ನೋಡಿದವರು ಒಬ್ಬರೂ ಇಲ್ಲ.

ಇದು ಸಾಲದೆಂಬಂತೆ, ಮಧ್ಯಾಹ್ನ ಕದ ಕೂರಿಸಿ ಆದ ಮೇಲೆ ಬೀಗದ ಕೈಯ ಮಾತು ಬಂತು. ಎಲ್ಲರೂ ಅವನ ಹೆಸರನ್ನೇ ಹೇಳುತ್ತಾರೆಂದು ನನಗೆ ಗೊತ್ತಿತ್ತು, ಹೇಳಿದರು ಕೂಡ. ಅವನು ಕೈಯಲ್ಲಿದ್ದ ಹೊಟ್ಟು ಕೊಡವಿಕೊಂಡು ಎದ್ದ.

"ಬೇಡ. ಅಣ್ಣ ಕೊಡಲಿ. ಅಡಿಪಾಯದಿಂದ ಇದ್ದವರು ಅವರು."

ಅಲ್ಲಿಗೆ ಮುಗಿಯಿತು. ಬೀಗದ ಕೈ ನನಗೆ ಸಿಕ್ಕಿತು, ಅವನು ಬಿಸಾಕಿದ್ದು ಸಿಕ್ಕಿದ ಹಾಗೆ.

ಮನೆಯಲ್ಲಿ ಹೆಂಡತಿ ನನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತ ಅವನ ಗುಣಗಾನ ಮಾಡಿದಳು. ಅತ್ತೆ ಫೋನಿನಲ್ಲಿ ಮಾಡಿದರು. ನನ್ನ ಮಗಳು ಕೂಡ, "ಚಿಕ್ಕಪ್ಪ ಎಷ್ಟು ಒಳ್ಳೆಯವರು ಅಲ್ವಾಪ್ಪಾ?" ಎಂದಳು. ಹೌದಮ್ಮ ಎಂದೆ. ಇನ್ನೇನು ಹೇಳಲಿ? ಅವನ ಬಾಗಿಲಿನ ಮೇಲೆ ಹೊಟ್ಟೆ ಉರಿಯುತ್ತಿದ್ದಾಗಲೇ ಎಷ್ಟೋ ವಾಸಿಯಿತ್ತು. ಬಾಗಿಲನ್ನು ನೋಡದೆ ಇರಬಹುದು. ಅವನ ಒಳ್ಳೆಯತನವನ್ನು ನೋಡದೆ ಇರಲು ಎಲ್ಲಿಗೆ ಹೋಗಲಿ?

ಪ್ರತಿಷ್ಠಾಪನೆಯ ದಿನ ಬೆಳಿಗ್ಗೆ ಲೈಬ್ರರಿಯ ಮೆಟ್ಟಿಲವರೆಗೂ ಜನ. ಬಿಷಪ್ಪರು ಮುಚ್ಚಿದ ಬಾಗಿಲ ಮುಂದೆ ನಿಂತರು. ನಾನು ಅಂಗೈ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಹಿತ್ತಾಳೆಯ ಬೀಗದ ಕೈ ಹಿಡಿದು, ಪಕ್ಕದಲ್ಲಿ ನಿಂತಿದ್ದೆ. ಹಿಂದೆ ಕೆಲಸದವರ ಸಾಲು. ಸಾಲಿನ ಕೊನೆಯಲ್ಲಿ ಅವನು, ಇಸ್ತ್ರಿಯಿಲ್ಲದ ಅಂಗಿಯಲ್ಲಿ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಅತ್ತೆ, ಅವರ ಹಿಂದೆ ಅಕ್ಕತಂಗಿಯರಿಬ್ಬರೂ.

ಕಾಂಡ ಹೋದ ಬಳ್ಳಿಯನ್ನು ನಾನು ಆಗಲೇ ಸರಿಯಾಗಿ ನೋಡಿದ್ದು. ಎಲೆಗಳೂ ಗೊಂಚಲುಗಳೂ ಈಗ ನೇರವಾಗಿ ನನ್ನ ಇಟ್ಟಿಗೆಯ ಹಿಂದಿನಿಂದಲೇ ಚಿಗುರಿ ಬಂದಂತೆ ಕಾಣುತ್ತಿದ್ದವು. ಜನ ಅದನ್ನೇ ತೋರಿಸಿ ತೋರಿಸಿ ಪಿಸುಗುಟ್ಟುತ್ತಿದ್ದರು. ನನ್ನ ಹೆಂಡತಿಯ ಕಣ್ಣು ಹುಡುಕಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಕತ್ತು ಉದ್ದ ಮಾಡಿ ಸಾಲಿನ ಕೊನೆಯಲ್ಲಿದ್ದವನನ್ನು, ಪಾಪ ಎನ್ನುವ ಹಾಗೆ ನೋಡುತ್ತಿದ್ದಳು. ಅತ್ತೆಯೂ ಅಷ್ಟೇ. ನಾನು ಇಷ್ಟು ವರ್ಷ ಕಾದಿದ್ದ ಗಳಿಗೆ ಬಂದಿತ್ತು, ನಾನು ಆ ಗಳಿಗೆಯೊಳಗೇ ನಿಂತಿದ್ದೆ, ಆದರೂ ಅದು ಅವನದಾಗಿತ್ತು.

ಬಿಷಪ್ಪರು ಕೈ ಚಾಚಿದರು. ಆಗ ನನಗೆ ರೇಗಿಹೋಯಿತು. ಅಲ್ಲ, ಒಳ್ಳೆಯವನಾಗುವುದೇನು ಅವನೊಬ್ಬನ ಗುತ್ತಿಗೆಯೇ? ನನಗೆ ಬರುವುದಿಲ್ಲವೇ? ಅದರಲ್ಲೂ ಅವನೇ ಮುಂದೆ ಹೋಗಲಿ ಎಂದು ನಾನು ಕೈಕಟ್ಟಿ ನಿಲ್ಲಬೇಕೇ? ತಿರುಗಿದೆ. ಇಡೀ ಸಾಲನ್ನು ದಾಟಿಕೊಂಡು ಹೋಗಿ, ಅವನ ತೋಳು ಹಿಡಿದು ದರದರ ಎಳೆದುಕೊಂಡು ಬಂದು, ಬಟ್ಟೆಯ ಸಮೇತ ಬೀಗದ ಕೈಯನ್ನು ಅವನ ಅಂಗೈಗೆ ಒತ್ತಿದೆ.

"ಕೊಡು. ನೀನೇ ಕೊಡು."

ಬೇಡ ಬೇಡ ಎನ್ನುತ್ತಾನೆ, ನಾನು ಒತ್ತಾಯ ಮಾಡುತ್ತೇನೆ, ಆಗ ಎಲ್ಲರೂ ನನ್ನನ್ನು ನೋಡುತ್ತಾರೆ ಎಂದುಕೊಂಡಿದ್ದೆ. ಅವನು ಬೀಗದ ಕೈಯ ಸುತ್ತ ಬೆರಳು ಮುಚ್ಚಿಬಿಟ್ಟ. ನನಗೊಬ್ಬನಿಗೇ ಕೇಳುವ ಹಾಗೆ ಉಸುರಿದ: "ಯೋಚನೆ ಮಾಡಿ ಕೊಡ್ತಿದ್ದೀರಾ ಅಣ್ಣ? ವಾಪಸ್ ಕೇಳಿದ್ರೆ ನಾನು ಕೊಡಲ್ಲ."

ಬೀಗದ ಕೈಯನ್ನು ಬಟ್ಟೆಯ ಸಮೇತ ಎದೆಗೆ ಒತ್ತಿಕೊಂಡ. ಅಷ್ಟು ಬೇಕಾಗಿತ್ತು ಅವನಿಗೆ ಅದು. ಬೇಕಾಗಿದ್ದೂ ನನಗೆ ಕೊಟ್ಟಿದ್ದ, ಲೋಫರ್.

ಅವನು ಬಿಷಪ್ಪರ ಕೈಗೆ ಕೊಟ್ಟ. ಬಿಷಪ್ಪರು ಅವನ ಎರಡೂ ಕೈಗಳನ್ನು ಹಿಡಿದುಕೊಂಡು ಏನೋ ಕೇಳಿದರು, ಅವನು ಏನೋ ಹೇಳಿದ. ಕ್ಯಾಮೆರಾಗಳು ಮಿಂಚಿದವು. ಫೋಟೋದಲ್ಲಿ ನನ್ನ ಒಂದು ಮೊಣಕೈ ಬಂದಿದೆ, ಬೇಕಾದರೆ ನೋಡಿ. ಬಾಗಿಲು ಸದ್ದಿಲ್ಲದೆ ತೆರೆಯಿತು, ಜನ ಹಾಡುತ್ತ ಒಳಗೆ ನುಗ್ಗಿದರು.

ಕೆಲಸದವರು ನಾವೆಲ್ಲ ಹಿಂದೆ ಗೋಡೆ ಪಕ್ಕ ನಿಂತೆವು. ಅವನು ಬಂದು ನನ್ನ ಮಗ್ಗುಲಿಗೇ ನಿಂತ. ದೂರದಲ್ಲಿ ಬಿಷಪ್ಪರು ತೋಳು ಮಡಿಸಿ, ಬಲಿಪೀಠದ ಕಲ್ಲಿನ ಮೇಲೆ ಎಣ್ಣೆ ಸುರಿದು ಅಂಗೈಯಿಂದ ಸವರುತ್ತಿದ್ದರು, ನೆಲಕ್ಕೆ ಗಾರೆ ಸವರುವವರ ಹಾಗೆ. ನಾನು ನೋಡುತ್ತಿದ್ದೆ, ಆದರೆ ಕಣ್ಣ ಮುಂದೆ ಬರುತ್ತಿದ್ದದ್ದು ಆ ಬೀಗದ ಕೈಯೇ. ಕೊಟ್ಟು ಎರಡು ನಿಮಿಷವಾಗಿರಲಿಲ್ಲ, ಆಗಲೇ ಎದೆಯೊಳಗೆ ಕೆಂಡ ಸುರಿದಂತೆ ಆಗುತ್ತಿತ್ತು. ನನ್ನಂಥ ಮುಠ್ಠಾಳ ಇನ್ನೊಬ್ಬನಿಲ್ಲ ಎಂದು ನನಗೇ ನಾನು ಬೈದುಕೊಂಡೆ.

ಅವನು ಹಿಂದಕ್ಕೆ ಕೈ ಹಾಕಿ ನನ್ನ ಗೋಡೆಯನ್ನು ಮುಟ್ಟಿದ. ಒಂದು ಸಂದಿನ ಉದ್ದಕ್ಕೂ ಬೆರಳು ಓಡಿಸಿದ.

"ಅಣ್ಣ."

"ಏನು?"

"ನಾನು ಯಾಕೆ ಅಳೆಯೋಕೆ ಬರಲಿಲ್ಲ ಗೊತ್ತಾ?"

"ಕೊಬ್ಬು."

"ಅಲ್ಲ. ನೋಡೋಕಾಗ್ತಿರಲಿಲ್ಲ." ಅವನು ಬಲಿಪೀಠದ ಕಡೆಗೇ ಮುಖ ಮಾಡಿ, ತುಟಿ ಅಲುಗಿಸದ ಹಾಗೆ ಹೇಳುತ್ತಿದ್ದ. "ದಿನಾ ಸಂಜೆ ನೀವು ಹೋದ ಮೇಲೆ ದೂರ ನಿಂತು ನೋಡ್ತಿದ್ದೆ. ಹತ್ತಿರ ಬರೋಕೆ ಆಗ್ತಿರಲಿಲ್ಲ. ಮನೆಗೆ ಹೋದ್ರೆ ಊಟ ಸೇರ್ತಿರಲಿಲ್ಲ, ಇವಳನ್ನ ಕೇಳಿ ಬೇಕಾದ್ರೆ. ಬಾಗಿಲಿಗೇನು, ಹುಳ ಹಿಡಿಯುತ್ತೆ, ಒಂದಿನ ಯಾರೋ ಕಿತ್ತುಹಾಕಿ ಬೇರೆ ಹಾಕಿಸ್ತಾರೆ. ಈ ಗೋಡೆ ನನ್ನ ಮೊಮ್ಮಕ್ಕಳು ಬಂದ್ರೂ ಹೀಗೇ ನಿಂತಿರುತ್ತೆ. ಮೈ ಉರಿದುಹೋಗ್ತಿತ್ತು ಅಣ್ಣ. ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚು ಅಂತ ನಿಮಗೆ ಗೊತ್ತಿಲ್ಲ."

ಎದುರಿಗೆ ಧೂಪದ ಹೊಗೆ ಮೇಲೇಳುತ್ತಿತ್ತು. ಎಲ್ಲರೂ ಮೊಣಕಾಲೂರುತ್ತಿದ್ದರು. ಇಷ್ಟು ವರ್ಷ ನಾನು ಕಟ್ಟಿದ ಗೋಡೆಗಳ ಬಗ್ಗೆ ಯಾರ ಬಾಯಲ್ಲೂ ಇಂಥ ಮಾತು ಬಂದಿರಲಿಲ್ಲ, ದೇವರಾಣೆ. ನಾನೂ ಮೊಣಕಾಲೂರಿದೆ. ಅವನೂ ಊರಿದ. ಅವನ ಕಿವಿಗೆ ಬಾಯಿ ತಂದು ಹೇಳಿದೆ:

"ಇನ್ನೊಂದು ಸಲ ಹೇಳು."